ಏರಿ ಅಳೆದವರು ಕೇರಿಗೆ ಇಳಿಯಲಿಲ್ಲ

ಈ ದೇಶದಲ್ಲಿ ಯಾವುದನ್ನೂ ವರ್ಗ ಮಾಡದೆ ಬಿಡುವುದಿಲ್ಲ. ಮನುಷ್ಯರನ್ನು ಮೇಲು ಕೀಳು ಅಂತ ವಿಂಗಡಿಸಿದ ಕತೆಯನ್ನು ನಾವು ನಿಮಗೆ ಹೇಳಬೇಕಾಗಿಲ್ಲ, ನೀವು ಹುಟ್ಟಿದ ಬೀದಿಯೇ ಅದನ್ನು ಹೇಳಿದೆ. ರೇಷನ್ ಕಾರ್ಡಿಗೆ ವರ್ಗ, ರೈಲು ಡಬ್ಬಿಗೆ ವರ್ಗ, ನಾವು ಪಾಸಾದದ್ದಕ್ಕೂ ವರ್ಗ. ಹಾಗೆಯೇ ಅಣೆಕಟ್ಟೆಗೂ ವರ್ಗ ಉಂಟು. ಯಾವ ಅಣೆಕಟ್ಟೆಯನ್ನು ಸರ್ಕಾರ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು, ಯಾವುದನ್ನು ಅದರ ಪಾಡಿಗೆ ಬಿಡಬೇಕು ಅನ್ನೋದು ಆ ವರ್ಗದ ಮೇಲೆ ನಿಂತಿದೆ. "ಇದು ಇಂಜಿನಿಯರುಗಳ ಪಾಠ, ಬಿ.ಎ. ಓದಿದ ನಿಮಗ್ಯಾಕ್ರಯ್ಯ ಈ ಉಸಾಬರಿ" ಅಂತ ಹಿರಿಯರೊಬ್ಬರು ನಮ್ಮನ್ನು ಕೇಳಿದರು. ನೀರು ನುಗ್ಗುವಾಗ ಯಾರು ಸೈನ್ಸು ಯಾರು ಆರ್ಟ್ಸು ಅಂತ ವಿಚಾರಿಸುವುದಿಲ್ಲ, ಯಾರು ತಗ್ಗಿನಲ್ಲಿದ್ದಾರೆ ಅಂತ ಮಾತ್ರ ನೋಡುತ್ತದೆ. ತಗ್ಗಿನಲ್ಲಿ ಇರುವವರು ಯಾರು ಅಂತ ಇಲ್ಲಿ ಬಿಡಿಸಿ ಹೇಳಬೇಕಾ?

ಮೊದಲು ಕಾನೂನು ಏನನ್ನುತ್ತೆ ನೋಡೋಣ. 2021ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಅಣೆಕಟ್ಟು ಸುರಕ್ಷತಾ ಕಾಯ್ದೆಯನ್ನು ಪಾಸು ಮಾಡಿತು, ಅದೇ ತಿಂಗಳ 30ರಿಂದ ಜಾರಿಗೆ ಬಂತು. ದಿಲ್ಲಿಯಲ್ಲಿ ಒಂದು ಸಮಿತಿ, ಒಂದು ಪ್ರಾಧಿಕಾರ. ಪ್ರತಿ ರಾಜ್ಯದಲ್ಲಿ ಒಂದು ಸಮಿತಿ, ಒಂದು ಸುರಕ್ಷತಾ ಸಂಸ್ಥೆ. ಹೀಗೆ ನಾಲ್ಕು ಮನೆ ಕಟ್ಟಿದರು. ಮಳೆಗಾಲದ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ತಪಾಸಣೆ ಆಗಬೇಕು. ಅಣೆಕಟ್ಟೆಗೆ ಏನಾದರೂ ಆದರೆ ಜನರನ್ನು ಎಬ್ಬಿಸುವುದು ಹೇಗೆ ಅಂತ ತುರ್ತು ಕ್ರಿಯಾ ಯೋಜನೆ ಬರೆದಿಡಬೇಕು. ಹಳೇ ಅಣೆಕಟ್ಟೆಗಳಿಗೆ ಇದಕ್ಕೆ ಐದು ವರ್ಷದ ಗಡುವು, ಅಂದರೆ 2026ರ ಡಿಸೆಂಬರು. ಇದೆಲ್ಲ ಒಳ್ಳೆಯದೇ. ಒಳ್ಳೆಯದನ್ನು ಒಳ್ಳೆಯದು ಅನ್ನೋಕೆ ನಮಗೇನೂ ಕಷ್ಟ ಇಲ್ಲ.

ಆದರೆ ಈ ನಾಲ್ಕು ಮನೆಯ ಬಾಗಿಲಲ್ಲಿ ಒಂದು ಅಳತೆಗೋಲು ನಿಲ್ಲಿಸಿದ್ದಾರೆ. ಎಲ್ಲ ಅಣೆಕಟ್ಟೆಗೂ ಒಳಗೆ ಪ್ರವೇಶ ಇಲ್ಲ. 'ನಿರ್ದಿಷ್ಟ ಅಣೆಕಟ್ಟು' ಅನ್ನಿಸಿಕೊಂಡದ್ದಕ್ಕೆ ಮಾತ್ರ ಕಾಯ್ದೆಯ ಕಾವಲು. ನಿರ್ದಿಷ್ಟ ಅಂದರೆ ಯಾವುದು? ಬುನಾದಿಯ ತಳದಿಂದ ತಲೆಯವರೆಗೆ 15 ಮೀಟರಿಗಿಂತ ಎತ್ತರ ಇರಬೇಕು. 10ರಿಂದ 15 ಮೀಟರಿನ ನಡುವೆ ಇದ್ದರೆ ಇನ್ನೊಂದು ಯೋಗ್ಯತೆಯೂ ಬೇಕು: ಉದ್ದ 500 ಮೀಟರಿಗೆ ಕಮ್ಮಿ ಇರಬಾರದು, ಇಲ್ಲವೇ ಹತ್ತು ಲಕ್ಷ ಘನ ಮೀಟರು ನೀರು ಹಿಡಿಯಬೇಕು, ಇಲ್ಲವೇ ಸೆಕೆಂಡಿಗೆ 2000 ಘನ ಮೀಟರು ಪ್ರವಾಹ ದಾಟಿಸುವಂತಿರಬೇಕು, ಇಲ್ಲವೇ ಬುನಾದಿ ತೀರಾ ತೊಂದರೆಯದಾಗಿರಬೇಕು ಅಥವಾ ವಿನ್ಯಾಸ ವಾಡಿಕೆಯದಲ್ಲದ್ದಾಗಿರಬೇಕು. ಈ ಐದರಲ್ಲಿ ಒಂದಿದ್ದರೂ ಸಾಕು. 10 ಮೀಟರಿಗಿಂತ ಗಿಡ್ಡ ಆದರೆ ಮುಗೀತು. ಆಮೇಲೆ ಅದರಲ್ಲಿ ಎಷ್ಟು ನೀರು ನಿಂತಿದೆ, ಕೆಳಗೆ ಎಷ್ಟು ಮನೆ ಇದೆ, ಯಾವ ಪ್ರಶ್ನೆಯೂ ಇಲ್ಲ.

ಇಡೀ ಪಟ್ಟಿಯನ್ನು ಇನ್ನೊಂದು ಸಲ ಓದಿ ನೋಡಿ ಗೆಳೆಯರೇ. ಎತ್ತರ ಇದೆ, ಉದ್ದ ಇದೆ, ನೀರಿದೆ, ಬುನಾದಿ ಇದೆ. ಮನುಷ್ಯ ಎಲ್ಲಿದ್ದಾನೆ?

ಹತ್ತು ಲಕ್ಷ ಘನ ಮೀಟರು ಅಂದರೆ ಪುಸ್ತಕದ ಲೆಕ್ಕ, ಮನಸ್ಸಿಗೆ ಇಳಿಯಲ್ಲ. ಒಂದು ಘನ ಮೀಟರು ನೀರು ಒಂದು ಟನ್ನು ತೂಗುತ್ತದೆ. ಹತ್ತು ಟನ್ನು ಹೊರುವ ಲಾರಿಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಲಕ್ಷ ಲಾರಿ ಆಗುತ್ತವೆ. 9 ಮೀಟರು ಎತ್ತರದ, ಅಂದರೆ ಮೂರಂತಸ್ತಿನ ಮನೆಯಷ್ಟು ಎತ್ತರದ ಒಂದು ಹಳೇ ಕೆರೆ ಏರಿ ಇದೆ ಅನ್ನಿ. ಅದರ ಹಿಂದೆ ಎರಡು ಲಕ್ಷ ಲಾರಿ ತುಂಬುವಷ್ಟು ನೀರು ನಿಂತಿದೆ ಅನ್ನಿ. ಏರಿಯ ಬುಡದಲ್ಲಿ ನೂರು ಮನೆಯ ಕೇರಿ. ಕಾಯ್ದೆಯ ಅಳತೆಗೋಲು ಈ ಏರಿಯನ್ನು ನೋಡಿ, "ನೀನು ಗಿಡ್ಡ, ಹೋಗು" ಅನ್ನುತ್ತದೆ.

ಇದು ನಾವು ಸುಮ್ಮನೆ ಹೆದರಿಸಲು ಕಟ್ಟಿದ ಕತೆ ಅಂತ ಯಾರಾದರೂ ಅಂದುಕೊಳ್ಳಬಹುದು. ಅಮೆರಿಕಾದ ಜಾರ್ಜಿಯಾ ರಾಜ್ಯದಲ್ಲಿ ಟೊಕೋವಾ ಅನ್ನುವ ಊರಿದೆ. ಅಲ್ಲಿ ಒಂದು ಬೈಬಲ್ ಕಾಲೇಜು. ಕಾಲೇಜಿನ ಮೇಲ್ಗಡೆ ತೊರೆಗೆ ಅಡ್ಡಲಾಗಿ ಕೆಲ್ಲಿ ಬಾರ್ನ್ಸ್ ಅನ್ನುವ ಮಣ್ಣಿನ ಅಣೆ. ಎತ್ತರ ಹೆಚ್ಚು ಕಮ್ಮಿ 40 ಅಡಿ, ಅಂದರೆ 12 ಮೀಟರು. ಉದ್ದ ಸುಮಾರು 120 ಮೀಟರು. 1977ರ ನವೆಂಬರ್ 6ರ ನಡುರಾತ್ರಿ ಮಳೆಯಲ್ಲಿ ಅದು ಒಡೆಯಿತು. ಒಡೆದಾಗ ಅದರಲ್ಲಿದ್ದ ನೀರು ಸುಮಾರು 7 ಲಕ್ಷ 80 ಸಾವಿರ ಘನ ಮೀಟರು. ಮಲಗಿದ್ದ 39 ಜನ ಸತ್ತರು, ಅವರಲ್ಲಿ ಎಷ್ಟೋ ಮಕ್ಕಳು. ವಿದ್ಯಾರ್ಥಿಗಳ ಹಾಸ್ಟೆಲಿಗೂ ನೀರು ನುಗ್ಗಿತು. ಈಗ ನಮ್ಮ ಕಾಯ್ದೆಯ ಗೋಲು ತಗೊಂಡು ಈ ಅಣೆಯನ್ನು ಅಳೆಯಿರಿ. 15 ಮೀಟರು? ಇಲ್ಲ. 10ರಿಂದ 15ರ ನಡುವೆ ಬಂತು, ಸರಿ. ಉದ್ದ 500 ಮೀಟರು? ಇಲ್ಲ. ಹತ್ತು ಲಕ್ಷ ಘನ ಮೀಟರು? ಇಲ್ಲ. ಸೆಕೆಂಡಿಗೆ 2000? ಅಣೆ ಒಡೆದು ಹೊರಟ ನೀರೇ ಅದರ ಅರ್ಧ ಮುಟ್ಟಲಿಲ್ಲ. ಯಾವನಾದರೂ ಇಂಜಿನಿಯರು ಕನಿಕರಪಟ್ಟು ಬುನಾದಿ ತೊಂದರೆ ಅಂತ ಬರೆದಿದ್ದರೆ ಉಂಟು, ಇಲ್ಲದಿದ್ದರೆ 39 ಜನರನ್ನು ಕೊಂದ ಅಣೆ ನಮ್ಮಲ್ಲಿ ಕಾವಲಿಗೇ ಯೋಗ್ಯವಲ್ಲದ ಅಣೆ!

ಆ ಸಾವಾದ ಮೇಲೆ ಜಾರ್ಜಿಯಾದವರು ಮರುವರ್ಷವೇ, 1978ರಲ್ಲಿ, ಕಾನೂನು ಮಾಡಿದರು. ಅಲ್ಲೂ ಇಂತಿಷ್ಟು ಎತ್ತರ, ಇಂತಿಷ್ಟು ನೀರು ಅಂತ ಬಾಗಿಲು ಇದೆ, ಆದರೆ ತಗ್ಗಿನ ಬಾಗಿಲು: 25 ಅಡಿ ಎತ್ತರ ಇದ್ದರೂ ಒಳಗೆ. ಒಳಗೆ ಬಂದ ಮೇಲೆ ವಿಂಗಡಿಸೋದು ಎರಡೇ ವರ್ಗ. ಒಡೆದರೆ ಜೀವ ಹೋಗುವ ಸಂಭವ ಇದೆಯೋ, ಅದು ಒಂದನೇ ವರ್ಗ. ಇಲ್ಲವೋ, ಎರಡನೇ ವರ್ಗ. ಅಮೆರಿಕಾದ ಒಕ್ಕೂಟ ಸರ್ಕಾರದ ಮಾರ್ಗಸೂಚಿಯಲ್ಲಿ ಮೂರು ವರ್ಗ ಇದೆ. ಅದರಲ್ಲೂ ಮೇಲಿನ ವರ್ಗಕ್ಕೆ ಬೇಕಾದ್ದು ಎತ್ತರವಲ್ಲ, ಒಂದು ಜೀವ. ಒಂದೇ ಒಂದು ಜೀವ ಹೋಗುವ ಸಂಭವ ಇದ್ದರೆ ಅದು 'ಹೆಚ್ಚು ಅಪಾಯ'ದ ಅಣೆ. ಅಮೆರಿಕಾವನ್ನು ನಾವೇನೂ ತಲೆ ಮೇಲೆ ಹೊತ್ತು ಮೆರೆಸ್ತಾ ಇಲ್ಲ. ಕರಿಯರ ವಿಷಯದಲ್ಲಿ ಆ ದೇಶ ಏನು ಅಂತ ನಮಗೆ ಚೆನ್ನಾಗಿ ಗೊತ್ತು. ಆದರೆ ಪ್ರಶ್ನೆಯನ್ನು ಅವರು ಕೇಳಿದ ದಿಕ್ಕು ಸರಿ. ಏರಿಯ ಮೇಲೆ ನಿಂತು ಕೇಳಲಿಲ್ಲ, ಕೆಳಗಿಳಿದು ಕೇಳಿದರು.

ನಮ್ಮ ಕಾಯ್ದೆಯಲ್ಲೂ ಅಪಾಯದ ವರ್ಗೀಕರಣ ಇಲ್ಲವೇ ಅಂತ ತಿಳಿದವರು ಕೇಳುತ್ತಾರೆ. ಇದೆ. ರಾಜ್ಯದ ಸುರಕ್ಷತಾ ಸಂಸ್ಥೆ ತನ್ನ ಪಾಲಿನ ಅಣೆಕಟ್ಟೆಗಳನ್ನು ಅಪಾಯದ ಮೇಲೆ ವಿಂಗಡಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಕೇಂದ್ರ ಜಲ ಆಯೋಗದವರು ಇದಕ್ಕೆ ಮಾರ್ಗಸೂಚಿ ಬರೆದು ನಾಲ್ಕು ವರ್ಗ ಮಾಡಿದ್ದಾರೆ. ಆದರೆ ಈ ನಾಲ್ಕು ವರ್ಗದ ಹಜಾರಕ್ಕೆ ಹೋಗಬೇಕಾದರೆ ಮೊದಲು ಆ ಅಳತೆಗೋಲಿನ ಬಾಗಿಲು ದಾಟಬೇಕು. ಬಾಗಿಲಲ್ಲೇ ನಿಲ್ಲಿಸಿದ ಮೇಲೆ ಹಜಾರದಲ್ಲಿ ಎಷ್ಟು ಚಾಪೆ ಹಾಸಿದ್ದರೆ ನಮಗೇನು?

ಇನ್ನು ಆ ನಾಲ್ಕು ವರ್ಗ ಮಾಡುವ ಬಗೆಯನ್ನೂ ನೋಡಿ. ಅಣೆಕಟ್ಟೆಗೆ ಹೂಡಿದ ಬಂಡವಾಳ ಎಷ್ಟು, ಎಷ್ಟು ಜೀವ ಅಪಾಯದಲ್ಲಿದೆ, ಎಷ್ಟು ಆಸ್ತಿ ಹಾಳಾಗುತ್ತದೆ, ಪರಿಸರಕ್ಕೆ ಸಂಸ್ಕೃತಿಗೆ ಏನು ನಷ್ಟ, ಇವಕ್ಕೆಲ್ಲ ಅಂಕ ಕೊಟ್ಟು ಕೂಡಿಸುತ್ತಾರೆ. ಪರೀಕ್ಷೆಯ ಮಾರ್ಕ್ಸ್ ಕಾರ್ಡು ಇದ್ದಂತೆ. ಆಸ್ತಿಯ ಕಾಲಮ್ಮಿನಲ್ಲಿ ರೈಸ್ ಮಿಲ್ಲು ಎಷ್ಟು ಅಂಕ ತರುತ್ತದೆ, ತಗಡಿನ ಮನೆ ಎಷ್ಟು ತರುತ್ತದೆ ಅಂತ ಲೆಕ್ಕ ಹಾಕೋಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ಬಡವರು ಸತ್ತರೆ ಜೀವದ ಕಾಲಮ್ಮಿಗಾದರೂ ಬರುತ್ತಾರೆ, ಅವರ ಬದುಕು ಕೊಚ್ಚಿಹೋದರೆ ಆಸ್ತಿಯ ಕಾಲಮ್ಮು ಮಿಸುಕುವುದೂ ಇಲ್ಲ. ಇಷ್ಟಕ್ಕೂ ಜೀವವನ್ನು ಎಣಿಸುವುದು ಹೇಗೆ? ನಕ್ಷೆಯಲ್ಲಿ ಕಾಣುವ ಹಂಚಿನ ಮನೆ ಎಣಿಸುತ್ತಾರೆ. ಹೊಳೆ ದಂಡೆಯಲ್ಲಿ ಇಟ್ಟಿಗೆ ಗೂಡು ಹಾಕಿಕೊಂಡು ಆರು ತಿಂಗಳು ಇರುವವರು? ಕಬ್ಬು ಕಡಿಯಲು ಬಂದು ಗುಡಿಸಲು ಹಾಕಿದವರು? ಕೋಡಿಯ ಕೆಳಗೆ ಬಟ್ಟೆ ಒಗೆಯುವವರು, ಬಲೆ ಹಾಕುವವರು? ಜನಗಣತಿಗೇ ಸರಿಯಾಗಿ ಸಿಗದವರು ಈ ಗಣತಿಗೆ ಸಿಗುತ್ತಾರೆಯೇ? ಇದನ್ನು ನಾವು ಕೇಳದಿದ್ದರೆ ಯಾರೂ ಕೇಳುವುದಿಲ್ಲ.

ಈಗ ನಮ್ಮ ಕರ್ನಾಟಕಕ್ಕೆ ಬನ್ನಿ. ಕಾಯ್ದೆಯ ಪಟ್ಟಿಯಲ್ಲಿ ದೇಶದ ಆರು ಸಾವಿರಕ್ಕೂ ಹೆಚ್ಚು ಅಣೆಕಟ್ಟೆಗಳಿವೆ, ಅದರಲ್ಲಿ ನಮ್ಮ ರಾಜ್ಯದ್ದು ಇನ್ನೂರಕ್ಕೂ ಹೆಚ್ಚು. ಆದರೆ ನಮ್ಮಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಕೆರೆ ಏರಿ ಅಂದರೆ ಅಣೆಕಟ್ಟೆಯಲ್ಲದೆ ಬೇರೇನಲ್ಲ. ಹೊಳೆಗೋ ಹಳ್ಳಕ್ಕೋ ಅಡ್ಡಲಾಗಿ ಮಣ್ಣು ಹಾಕಿ ನೀರು ನಿಲ್ಲಿಸಿದ ಕಟ್ಟೆ. ಅವುಗಳಲ್ಲಿ ಬಹುಪಾಲು ಆ ಅಳತೆಗೋಲಿಗಿಂತ ಗಿಡ್ಡ. ಹಾಗಾದರೆ ಇವನ್ನು ಯಾರು ನೋಡಿಕೊಳ್ಳುತ್ತಾರೆ, ಯಾವ ಲೆಕ್ಕದ ಮೇಲೆ?

ಇಲ್ಲಿ ಇನ್ನೊಂದು ವರ್ಗೀಕರಣ ಬರುತ್ತದೆ, ಇದು ಇನ್ನೂ ಸೊಗಸು. ಕೆರೆಯನ್ನು ಅಚ್ಚುಕಟ್ಟಿನ ಮೇಲೆ ಅಳೆಯುತ್ತಾರೆ. 40 ಹೆಕ್ಟೇರಿಗಿಂತ ಹೆಚ್ಚು ಜಮೀನಿಗೆ ನೀರುಣಿಸುವ ಕೆರೆ ಸಣ್ಣ ನೀರಾವರಿ ಇಲಾಖೆಗೆ. ಅದಕ್ಕಿಂತ ಕಡಿಮೆಯದು ಪಂಚಾಯಿತಿಯ ಪಾಲಿಗೆ. 2000 ಹೆಕ್ಟೇರು ದಾಟಿದರೆ ಮಧ್ಯಮ, 10 ಸಾವಿರ ದಾಟಿದರೆ ಭಾರಿ. ಎಷ್ಟು ಜಮೀನು ನೆನೆಯುತ್ತದೆ ಅನ್ನುವುದರ ಮೇಲೆ ಕೆರೆಗೆ ಎಂಥಾ ಇಂಜಿನಿಯರು, ಎಷ್ಟು ದುಡ್ಡು ಅಂತ ತೀರ್ಮಾನ. ಏರಿ ಒಡೆದರೆ ಯಾರ ಮನೆ ನೆನೆಯುತ್ತದೆ ಅನ್ನುವುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ನಿಮ್ಮೂರ ಅಚ್ಚುಕಟ್ಟಿನ ಪಹಣಿಗಳನ್ನು ತೆಗೆಸಿ, ಯಾರ ಹೆಸರಿದೆ ಓದಿ. ಆಮೇಲೆ ಏರಿಯ ಹಿಂಬದಿ ತಗ್ಗಿನಲ್ಲಿ ಜನತಾ ಮನೆ, ಆಶ್ರಯ ಮನೆ ಯಾರಿಗೆ ಕೊಟ್ಟರು ಅಂತ ಪಂಚಾಯಿತಿಯ ಪಟ್ಟಿ ಓದಿ. ಎರಡೂ ಪಟ್ಟಿಯನ್ನು ಪಕ್ಕದಲ್ಲಿಟ್ಟರೆ ಊರಿನ ಚರಿತ್ರೆ ಪರೀಕ್ಷೆಗೆ ಬೇರೆ ಪುಸ್ತಕ ಬೇಡ.

ಅಂದ ಹಾಗೆ, ಈ ನಿವೇಶನದ ವಿಷಯ ಸಣ್ಣದಲ್ಲ. ಏರಿ ಕಟ್ಟಿದಾಗ ಕೆಳಗೆ ಬಯಲಿತ್ತು, ಯಾರೂ ಇರಲಿಲ್ಲ, ಆದ್ದರಿಂದ ಇದು ಅಪಾಯದ ಏರಿಯಲ್ಲ ಅಂತ ಒಂದು ಕಾಲದಲ್ಲಿ ಬರೆದದ್ದು ಸರಿಯೇ ಇರಬಹುದು. ಆಮೇಲೆ ಅದೇ ಸರ್ಕಾರದ ಇನ್ನೊಂದು ಇಲಾಖೆ, ಊರೊಳಗೆ ಜಾಗ ಸಿಗದೆ, ಬೇರೆಯವರಿಗೆ ಬೇಡದ ಆ ಬಯಲಿನಲ್ಲಿ ಮೂವತ್ತು ನಲವತ್ತು ಅಳತೆಯ ಸೈಟು ಹಂಚುತ್ತದೆ. ಹಾಸ್ಟೆಲಿಗೂ ಜಾಗ ಅಲ್ಲೇ ಸಿಗುತ್ತದೆ, ನಮಗೆ ಗೊತ್ತಿಲ್ಲದ್ದೇ! ಹಕ್ಕುಪತ್ರ ಕೊಟ್ಟ ದಿನವೇ ಮೇಲಿನ ಏರಿಯ ವರ್ಗ ಬದಲಾಗಬೇಕಲ್ಲ? ತಾಲ್ಲೂಕು ಕಚೇರಿಯ ಫೈಲು ಮತ್ತು ಇಂಜಿನಿಯರ ಫೈಲು ಒಂದಕ್ಕೊಂದು ಮುಖ ತೋರಿಸುವುದಿಲ್ಲ.

ಏರಿಯ ನಾಡಿ ಹಿಡಿದು ನೋಡುವವರು ಒಂದು ಕಾಲದಲ್ಲಿ ಇದ್ದರು. ಅವರು ನೀರಗಂಟಿಗಳು. ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ಈ ಕೆಲಸ ಮಾಡಿದವರು ಹೆಚ್ಚಾಗಿ ನಮ್ಮವರೇ. ತೂಬು ಎತ್ತುವವರು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವವರು, ಮಳೆಯ ರಾತ್ರಿಯಲ್ಲಿ ಲಾಟೀನು ಹಿಡಿದು ಏರಿಯ ಮೇಲೆ ಓಡಾಡುವವರು. ಇಡೀ ಊರಿನ ನೀರು ಅವರ ಕೈಯಲ್ಲಿತ್ತು, ಆ ಕೈಯಿಂದ ಒಂದು ಲೋಟ ನೀರು ಯಾರೂ ಕುಡಿಯುತ್ತಿರಲಿಲ್ಲ. ಅಂಥ ನೀರಗಂಟಿ ತಾತನೊಬ್ಬ ನಮಗೆ ಹೇಳಿದ ಮಾತಿದು: "ಆಫೀಸರು ಬಂದ್ರೆ ಏರಿ ಉದ್ದ ಅಳೀತಾರೆ, ಎತ್ತರ ಅಳೀತಾರೆ. ಏರಿ ಮೇಲೆ ಬೆಳೆದಿರೋ ಮರದ ಬೇರು ಎಲ್ಲಿಗೆ ಹೋಗದೆ ಅಂತ ಕೇಳಲ್ಲ ಕಣ್ರಪ್ಪ. ಹಿಂದ್ಗಡೆ ಬುಡದಾಗೆ ಜಿನುಗೋ ನೀರು ತಿಳಿಯಾಗೈತಾ ಬಗ್ಗಡ ಐತಾ, ಅದು ಮುಖ್ಯ. ಬಗ್ಗಡ ಬಂತು ಅಂದ್ರೆ ಏರಿ ಮಣ್ಣು ಒಳಗಿಂದ ಹೋಗ್ತಾ ಐತೆ ಅಂತ." ಮಣ್ಣಿನ ಅಣೆ ಒಳಗಿಂದೊಳಗೆ ಕೊರೆದು ಕುಸಿಯುವುದರ ಬಗ್ಗೆ ಇಂಜಿನಿಯರಿಂಗ್ ಪುಸ್ತಕಗಳಲ್ಲಿ ಅಧ್ಯಾಯಗಳೇ ಇವೆ. ತಾತ ಅದನ್ನು ಒಂದು ಬೊಗಸೆ ನೀರು ನೋಡಿ ಹೇಳುತ್ತಾನೆ. ಇಂಥವರ ಸಂಬಳ ನಿಲ್ಲಿಸಿ, ಇನಾಮು ಕಿತ್ತು, ಕೆಲಸ ತಪ್ಪಿಸಿದ ಮೇಲೆ ಆ ಜಾಗಕ್ಕೆ ಯಾರನ್ನು ಹಾಕಿದರು? ಹೆಚ್ಚಿನ ಊರಲ್ಲಿ ಯಾರನ್ನೂ ಇಲ್ಲ.

ತಾತನ ಮಾತು ಕೇಳುವಾಗ ನಮಗೆ ಮಹಾರಾಷ್ಟ್ರದ ತಿವರೆ ನೆನಪಾಯಿತು. ರತ್ನಾಗಿರಿ ಜಿಲ್ಲೆಯ ಚಿಪ್ಳೂಣ ತಾಲ್ಲೂಕಿನಲ್ಲಿದ್ದ ಮಣ್ಣಿನ ಅಣೆ. 2019ರ ಜುಲೈ 2ರ ರಾತ್ರಿ ಅದು ಒಡೆದು ಕೆಳಗಿನ ಮನೆಗಳನ್ನು ಬಳಿದುಕೊಂಡು ಹೋಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಹೋದರು. ಸೋರುತ್ತಿದೆ ಅಂತ ಊರಿನವರು ಮೊದಲೇ ದೂರು ಕೊಟ್ಟಿದ್ದರು. ಆಗಿನ ಜಲ ಸಂರಕ್ಷಣಾ ಮಂತ್ರಿಗಳು ಏನೆಂದರು ಗೊತ್ತಾ? ಏಡಿಗಳು ಅಣೆಯನ್ನು ತೂತು ಮಾಡಿದವು ಅಂದರು! ಸ್ವಾಮಿ, ಏಡಿ ತೂತು ಮಾಡುತ್ತದೆ, ಇಲಿ ಹೆಗ್ಗಣ ಬಿಲ ತೋಡುತ್ತವೆ, ಅದು ಅವುಗಳ ಬದುಕು. ಆ ತೂತು ಯಾವಾಗ ಬಿತ್ತು, ಯಾರು ನೋಡಿದರು, ಯಾರು ಮುಚ್ಚಿದರು ಅನ್ನುವುದು ನಿಮ್ಮ ಬದುಕು, ಅದಕ್ಕೇ ಸಂಬಳ. ಏಡಿಯ ಮೇಲೆ ತಪ್ಪು ಹೊರಿಸಿದವರು ನಾವು ಅಣೆಯ ಹತ್ತಿರ ಸುಳಿದಿರಲೇ ಇಲ್ಲ ಅಂತ ತಾವೇ ಒಪ್ಪಿಕೊಂಡ ಹಾಗಾಯಿತು.

ಇನ್ನು ಪ್ರವಾಹದ ವರ್ಗ. ಕೋಡಿ ಎಷ್ಟು ಅಗಲ ಇರಬೇಕು, ಎಷ್ಟು ನೀರು ಸುರಕ್ಷಿತವಾಗಿ ದಾಟಿಸಬೇಕು ಅನ್ನುವುದಕ್ಕೆ 1985ರ ಭಾರತೀಯ ಮಾನಕವೊಂದಿದೆ. ಅದರಲ್ಲಿ ಅಣೆಗಳನ್ನು ಸಣ್ಣ, ಮಧ್ಯಮ, ದೊಡ್ಡ ಅಂತ ಮೂರು ಮಾಡಿದ್ದಾರೆ. ದೊಡ್ಡದಕ್ಕೆ ಆ ಜಾಗದಲ್ಲಿ ಬರಬಹುದಾದ ಅತಿ ದೊಡ್ಡ ಪ್ರವಾಹ ಹಿಡಿಯಬೇಕು. ಸಣ್ಣದಕ್ಕೆ, ಅಂದರೆ ಒಂದು ಕೋಟಿ ಘನ ಮೀಟರಿನ ಒಳಗಿನದಕ್ಕೆ, ನೂರು ವರ್ಷದ ಪ್ರವಾಹ ಸಾಕು. ನೂರು ವರ್ಷ ಅಂದ ಕೂಡಲೇ ನೂರು ವರ್ಷಕ್ಕೊಮ್ಮೆ ಬರುವುದು, ನಮ್ಮ ಕಾಲಕ್ಕೆ ಬರಲ್ಲ ಅಂತ ಮಲಗಿಬಿಡಬೇಡಿ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಂಭವ ಅಂತ ಅದರ ಅರ್ಥ. ಅಂಥ ಏರಿಯ ಕೆಳಗೆ ಐವತ್ತು ವರ್ಷ ಬಾಳಿದವನಿಗೆ, ಆ ಅಳತೆಯನ್ನು ಮುಟ್ಟುವ ಅಥವಾ ಮೀರುವ ಪ್ರವಾಹ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ ಸುಮಾರು 39. ಈ ಜೂಜನ್ನು ಅವನ ಪರವಾಗಿ ಆಡಿದವರು ಯಾರು? ಅವನನ್ನು ಒಂದು ಮಾತು ಕೇಳಿದರೇ? ಕೆಳಗೆ ಅಪಾಯ ಹೆಚ್ಚಿದ್ದರೆ ಇನ್ನೂ ದೊಡ್ಡ ಪ್ರವಾಹ ಹಿಡಿಯಬಹುದು ಅಂತ ಆ ಮಾನಕದಲ್ಲೇ ಒಂದು ಮಾತು ಇದೆ. 'ಬಹುದು' ಅನ್ನುವ ಮಾತಿನ ಮೇಲೆ ನಮ್ಮ ಜನ ಎಷ್ಟು ಸಲ ಕಾದು ಕೂತಿದ್ದಾರೆ ಅನ್ನೋದು ನಿಮಗೆ ಗೊತ್ತು.

ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಗುಜರಾತಿನ ಮೋರ್ಬಿ ಸಾಕ್ಷಿ. 1979ರ ಆಗಸ್ಟ್ 11ರಂದು ಮಚ್ಛು ನದಿಯ ಎರಡನೇ ಅಣೆಕಟ್ಟೆ ಒಡೆಯಿತು. ಕೋಡಿಗೆ ಹಿಡಿದಿದ್ದ ಲೆಕ್ಕದ ಸುಮಾರು ಮೂರು ಪಟ್ಟು ನೀರು ಬಂದು, ಎರಡೂ ಕಡೆಯ ಮಣ್ಣಿನ ಏರಿಯ ಮೇಲೆ ಹರಿದು ಕೊರೆದುಕೊಂಡು ಹೋಯಿತು. ಸತ್ತವರು 1800 ಅಂದವರಿದ್ದಾರೆ, 25 ಸಾವಿರ ಅಂದವರೂ ಇದ್ದಾರೆ. ಸತ್ತವರ ಲೆಕ್ಕ ಇಷ್ಟು ಹಿಗ್ಗಿ ಕುಗ್ಗುವುದಾದರೆ ಬದುಕಿದ್ದಾಗ ಅವರು ಯಾರ ಲೆಕ್ಕದಲ್ಲಿದ್ದರು? ವಿಚಾರಣಾ ಆಯೋಗವೊಂದನ್ನು ನೇಮಿಸಿ, ಅದು ಕೆಲಸ ಮುಗಿಸುವ ಮೊದಲೇ ಸರ್ಕಾರ ಅದನ್ನು ರದ್ದು ಮಾಡಿತು.

ಮೇಲಿನ ವರ್ಗ ಸಿಕ್ಕಿತು ಅಂದರೆ ಎಲ್ಲ ಭದ್ರ ಅಂತಲೂ ತಿಳಿಯಬಾರದು. ತುಂಗಭದ್ರೆಯನ್ನು ನೋಡಿ. ಯಾವ ಗೋಲು ತಗೊಂಡು ಅಳೆದರೂ ಅದು ದೊಡ್ಡ ಅಣೆಕಟ್ಟೆಯೇ. 33 ಕ್ರೆಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದಿಂದ ಆ ಒಂದು ಬಾಗಿಲಲ್ಲೇ ಸುಮಾರು 35 ಸಾವಿರ ಕ್ಯೂಸೆಕ್ ನೀರು ಹೊರಟಿತು. ಹರಿಯುವ ನೀರಿನಲ್ಲೇ ಜೀವ ಒತ್ತೆಯಿಟ್ಟು ತಾತ್ಕಾಲಿಕ ಗೇಟು ಇಳಿಸಿದವರು ಕಾರ್ಮಿಕರು. ಇಲ್ಲಿ ತಿಳಿಯಬೇಕಾದ್ದು ಇಷ್ಟು. ಅಪಾಯದ ವರ್ಗ ಬೇರೆ, ಅಣೆಕಟ್ಟೆಯ ಆರೋಗ್ಯ ಬೇರೆ. ಒಡೆದರೆ ಎಷ್ಟು ಹಾನಿ ಅನ್ನುವುದು ಮೊದಲನೆಯದು, ಒಡೆಯುವಂತಿದೆಯೇ ಅನ್ನುವುದು ಎರಡನೆಯದು. ತಪಾಸಣೆಯಾದ ಮೇಲೆ ದೋಷದ ಮೇಲೆ ಮೂರು ದರ್ಜೆ ಮಾಡುತ್ತಾರೆ: ಬೀಳುವ ಭಯ ಇರುವುದು ಒಂದು, ಬೇಗ ರಿಪೇರಿ ಬೇಕಾದ್ದು ಎರಡು, ಸಣ್ಣಪುಟ್ಟದ್ದು ಮೂರು. ಎರಡೂ ಪಟ್ಟಿಯನ್ನು ಕೂಡಿಸಿ ಓದಬೇಕು. ಕೆಳಗೆ ಜನ ಹೆಚ್ಚು, ಮೇಲೆ ದೋಷ ಹೆಚ್ಚು ಅನ್ನುವ ಅಣೆಗೆ ಮೊದಲು ದುಡ್ಡು ಹೋಗಬೇಕು. ಯಾರ ಕ್ಷೇತ್ರದ ಅಣೆ ಅಂತ ನೋಡಿ ಅಲ್ಲ.

ಕಾಯ್ದೆ ಮುರಿದರೆ ಶಿಕ್ಷೆ ಏನು? ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ; ಅದರಿಂದ ಜೀವ ಹೋದರೆ ಎರಡು ವರ್ಷದವರೆಗೆ ಜೈಲು. ಆದರೆ ದೂರು ಕೊಡುವವರು ಯಾರು? ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ಇಲ್ಲವೇ ನಾವು ಮೊದಲು ಹೇಳಿದ ಆ ನಾಲ್ಕು ಮನೆಯವರು. ಇವರು ದೂರು ಕೊಡದೆ ಈ ಕಾಯ್ದೆಯಡಿ ಕೋರ್ಟು ಅಪರಾಧವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಮುಳುಗಿದವನ ಮಗ ದೂರು ಕೊಟ್ಟರೆ ಸಲ್ಲದು. ಅಣೆಕಟ್ಟೆಗಳಲ್ಲಿ ಬಹುಪಾಲಿಗೆ ಯಜಮಾನ ಸರ್ಕಾರವೇ. ಯಜಮಾನನ ತಪ್ಪಿಗೆ ಯಜಮಾನನೇ ದೂರುದಾರ. ನಮ್ಮ ಹಳ್ಳಿಗಳಲ್ಲಿ ಇಂಥ ನ್ಯಾಯವನ್ನು ಬಹಳ ಕಾಲದಿಂದ ನೋಡಿದ್ದೇವೆ. ಅಣೆ ಒಡೆದು ಸತ್ತವರ ಮನೆಯವರಿಗೆ ಯಾರು ಎಷ್ಟು ಪರಿಹಾರ ಕೊಡಬೇಕು ಅಂತ ಕಾಯ್ದೆಯಲ್ಲಿ ಹುಡುಕಿದರೆ ಒಂದು ಸಾಲೂ ಇಲ್ಲ.

ಇಂಜಿನಿಯರುಗಳ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. "36 ಸಾವಿರ ಕೆರೆಯನ್ನೂ ತುಂಗಭದ್ರೆ ಥರ ಕಾಯಿ ಅಂದರೆ ಆಗುತ್ತದಾ? ಎಲ್ಲಿದೆ ಜನ, ಎಲ್ಲಿದೆ ದುಡ್ಡು? ಎತ್ತರ ಹೆಚ್ಚಿದಷ್ಟೂ ನೀರಿನ ರಭಸ ಹೆಚ್ಚು, ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕಲ್ಲ" ಅನ್ನುತ್ತಾರೆ. ಸರಿ. ಗೆರೆ ಬೇಡ ಅಂತ ನಾವೂ ಅನ್ನುವುದಿಲ್ಲ. ವರ್ಗೀಕರಣವೇ ಬೇಡ ಅಂದರೆ ಎಲ್ಲವನ್ನೂ ಕೈಬಿಟ್ಟ ಹಾಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಒಬ್ಬರೇ ಇದ್ದು ಐವತ್ತು ಜನ ಬಂದರೆ ಯಾರನ್ನು ಮೊದಲು ನೋಡಬೇಕು ಅಂತ ವಿಂಗಡಿಸಲೇಬೇಕು. ಆದರೆ ಎತ್ತರ ಇರುವವರನ್ನು ಮೊದಲು ನೋಡುತ್ತೇನೆ ಅನ್ನುವ ಡಾಕ್ಟರನ್ನು ನಾವು ಏನೆನ್ನುತ್ತೇವೆ? ಗೆರೆಯನ್ನು ಕೆಳಗಿನ ಜನರ ಮೇಲೆ ಎಳೆಯಿರಿ. ಮೊದಲು ಯಾವ ಏರಿಯ ಕೆಳಗೆ ವಸತಿ ಇದೆ ಅಂತ ಎಣಿಸಿ. 36 ಸಾವಿರವೂ ಇರಲಾರದು. ಎಣಿಕೆಗೆ ಕೋಟಿ ಬೇಡ. ಊರಿನ ನೀರಗಂಟಿ, ಗ್ರಾಮ ಲೆಕ್ಕಿಗ, ರಜೆಗೆ ಬಂದ ನಾಲ್ಕು ಕಾಲೇಜು ಹುಡುಗರು ಸೇರಿದರೆ ಒಂದು ಹೋಬಳಿ ಒಂದು ವಾರಕ್ಕೆ ಮುಗಿಯುತ್ತದೆ.

ಗೆಳೆಯರೇ, ಅಣೆಕಟ್ಟೆಗೂ ನಮಗೂ ಏನು ಸಂಬಂಧ ಅನ್ನುವವರಿಗೆ ಇದನ್ನೂ ಹೇಳಿ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ನೀರಾವರಿ, ವಿದ್ಯುತ್ತು ಅವರ ಕೈಯಲ್ಲಿತ್ತು. ದಾಮೋದರ ಕಣಿವೆ ಯೋಜನೆಗೆ ದಾರಿ ಹಾಕಿದ್ದು ಆ ಕಾಲದಲ್ಲಿ. 1945ರಲ್ಲಿ ಅವರ ಇಲಾಖೆಯಡಿ ಹುಟ್ಟಿದ ಆಯೋಗವೇ ಬೆಳೆದು ಈಗಿನ ಕೇಂದ್ರ ಜಲ ಆಯೋಗವಾಗಿದೆ. ಇವತ್ತು ನಾಲ್ಕು ವರ್ಗದ ಮಾರ್ಗಸೂಚಿ ಬರೆಯುವ ಆಯೋಗ ಅದೇ. ಅದರ ಕಚೇರಿಯ ಗೋಡೆಯ ಮೇಲೆ ಅವರ ಪಟ ಇಟ್ಟರೆ ಸಾಲದು, ನಕ್ಷೆಯ ಮೇಲೆ ಕೇರಿಯನ್ನೂ ಇಡಬೇಕು.

ನಮ್ಮ ಬೇಡಿಕೆಗಳು ದೊಡ್ಡವೇನಲ್ಲ. ವಸತಿ ಇರುವ ಕಡೆ 10 ಮೀಟರಿನ ಕೆಳಗಿನ ಏರಿಗಳಿಗೂ ಅಪಾಯದ ವರ್ಗ ಕೊಡಬೇಕು. ಕೇಂದ್ರದ ಕಾಯ್ದೆ ಕೊಡದಿದ್ದರೆ ರಾಜ್ಯ ತಾನೇ ಕೊಡಲಿ. ಏರಿಯ ಕೆಳಗೆ ಸೈಟು ಹಂಚುವ ಮೊದಲು ಇಂಜಿನಿಯರ ಸಹಿ ಬೇಕು. ಒಡೆದರೆ ನೀರು ಎಲ್ಲಿಯವರೆಗೆ, ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವ ನಕ್ಷೆಯನ್ನು ಕನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆಗೆ, ಕೇರಿಯ ಸಮುದಾಯ ಭವನದ ಗೋಡೆಗೆ ಅಂಟಿಸಬೇಕು. ಇಂಗ್ಲಿಷಿನಲ್ಲಿ ಬರೆದು ಬೀರುವಿನಲ್ಲಿಟ್ಟ ಎಚ್ಚರಿಕೆ ಯಾರನ್ನೂ ಎಬ್ಬಿಸುವುದಿಲ್ಲ. ನೀರಗಂಟಿಗಳಿಗೆ ಸಂಬಳ ಕೊಟ್ಟು, ಅವರು ಬರೆಸಿದ ಮಾತು ತಪಾಸಣೆಯ ಪುಸ್ತಕದಲ್ಲಿ ಸೇರಬೇಕು.

ಕೊಡುವವರೆಗೆ ಕಾಯಬೇಕಾಗಿಲ್ಲ. ಈ ರಜೆಗೆ ಊರಿಗೆ ಹೋದವರು ಏರಿಯ ಮೇಲೆ ಒಮ್ಮೆ ನಡೆದು ಬನ್ನಿ, ಹಿಂಬದಿಯ ಬುಡದಲ್ಲಿ ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿ, ಕೋಡಿಗೆ ಯಾರಾದರೂ ಅಡ್ಡ ಕಟ್ಟಿದ್ದಾರಾ ನೋಡಿ. ಆಮೇಲೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ದೊಡ್ಡ ಅಣೆಕಟ್ಟೆಯಾದರೆ ಜಲ ಸಂಪನ್ಮೂಲ ಇಲಾಖೆಯ ಕಚೇರಿಗೆ, 40 ಹೆಕ್ಟೇರಿನ ಮೇಲಿನ ಕೆರೆಯಾದರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕೂ ಕಡಿಮೆಯಾದರೆ ಜಿಲ್ಲಾ ಪಂಚಾಯಿತಿಗೆ. ಏರಿಯ ಎತ್ತರ ಎಷ್ಟು, ನೀರು ಎಷ್ಟು ಹಿಡಿಯುತ್ತದೆ, ಯಾವ ವರ್ಗ, ಕೊನೆಯ ಸಲ ತಪಾಸಣೆ ಮಾಡಿದ ದಿನಾಂಕ ಯಾವುದು, ವರದಿಯ ಪ್ರತಿ ಕೊಡಿ, ಕೆಳಗೆ ಎಷ್ಟು ಮನೆ ಅಂತ ಬರೆದಿದ್ದೀರಿ, ಇಷ್ಟು ಕೇಳಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಶುಲ್ಕ 10 ರೂಪಾಯಿ, ಬಿ.ಪಿ.ಎಲ್. ಕಾರ್ಡಿನವರಿಗೆ ಅದೂ ಇಲ್ಲ. 30 ದಿನಕ್ಕೆ ಉತ್ತರ ಬರಬೇಕು. ಬಂದ ಉತ್ತರವನ್ನು ಮುಂದಿನ ಸಭೆಗೆ ತನ್ನಿ, ಮನೆಗಳನ್ನು ನೀವೇ ಎಣಿಸಿ ಬರೆದ ಚೀಟಿಯನ್ನೂ ಜೊತೆಗೆ ತನ್ನಿ. ಎರಡನ್ನೂ ಪಕ್ಕದಲ್ಲಿಟ್ಟು ಇದೇ ಹಾಳೆಯಲ್ಲಿ ಅಚ್ಚು ಹಾಕುತ್ತೇವೆ.